ಮನೆಯ ಗಣಕಯಂತ್ರವೂ ಮಾತಿನ ಸ್ವಾತಂತ್ರ್ಯವೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳ ಪೇಟೆಗಳಲ್ಲಿ ವಿದ್ಯಾವಂತರ ಮನೆಗಳನ್ನು ಹೊಕ್ಕು ನೋಡಿದರೆ, ಅಟ್ಟದ ಮೇಲಾಗಲಿ ಮಂಚದ ಕೆಳಗಾಗಲಿ ಧೂಳು ಮುಸುಕಿದ ಹಳೆಯ ಕಂಪ್ಯೂಟರೊಂದು ಕಾಣಸಿಗುವುದು ಈಗ ಅಪೂರ್ವವಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿಯವರು ತಮ್ಮ ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಕೊನೆಗಾಣಿಸಿದ ಮೇಲಂತೂ, ಕೆಟ್ಟುಹೋಗದೆಯೇ ಕೆಲಸಕ್ಕೆ ಬಾರದವೆನಿಸಿಕೊಂಡ ಯಂತ್ರಗಳು ಹೆಚ್ಚುತ್ತಿವೆ. ಇವುಗಳನ್ನು ಗುಜರಿಯವನ ತಕ್ಕಡಿಗೆ ಏರಿಸುವುದಕ್ಕೆ ಮೊದಲು ನಮ್ಮ ಮಹಾಜನರು ಒಂದು ಮಾತನ್ನು ಆಲೋಚಿಸಬೇಕು. ಇಂತಹ ಯಂತ್ರವನ್ನು ಮನೆಯಲ್ಲಿಯೇ ಇಟ್ಟುಕೊಂಡು, ಅದರಿಂದಲೇ ಸ್ವಂತ ಜಾಲತಾಣವೊಂದನ್ನು ಜಗತ್ತಿಗೆ ತೆರೆದಿಡುವುದು ಸಾಧ್ಯ. ನಮ್ಮಂತಹ ಸಣ್ಣ ಊರುಗಳ ಪಾಲಿಗೆ ಅದು ಕರ್ತವ್ಯವೂ ಹೌದೆಂಬುದು ನಮ್ಮ ಅಭಿಪ್ರಾಯ.

ಜಾಲತಾಣವೆಂದರೆ ದೂರದೇಶದ ಯಾವುದೋ ಯಂತ್ರಾಗಾರದಲ್ಲಿಯೇ ಇರತಕ್ಕ ವಸ್ತುವೆಂಬ ಭ್ರಮೆ ಅನೇಕರಲ್ಲಿದೆ. 1990ರಲ್ಲಿ ಜಿನೀವಾ ನಗರದ ಬಳಿಯ ಸರ್ನ್ ವಿಜ್ಞಾನಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ನಿರ್ಮಿಸಿದ ಮೊಟ್ಟಮೊದಲ ತಾಣವು ನೆಲೆಸಿದ್ದುದು ಮೇಜಿನ ಮೇಲಿನ ಒಂದು ಕಂಪ್ಯೂಟರಿನಲ್ಲಿ. ಅದು ಸರ್ವರ್ ಎಂದೂ ಅದನ್ನು ಯಾರೂ ಆರಿಸಕೂಡದೆಂದೂ ಒಂದು ಚೀಟಿಯನ್ನು ಅದಕ್ಕೆ ಅಂಟಿಸಿದ್ದರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಈ ತಂತ್ರವನ್ನು ಸರ್ವರ ಸ್ವತ್ತೆಂದು ಬಿಟ್ಟುಕೊಟ್ಟಿತು. ಇನ್ನು ಅಳತೆಯ ಮಾತು. ಯೂನಿಕೋಡ್ ಕ್ರಮದಲ್ಲಿ ಈ ಅಗ್ರಲೇಖನದಷ್ಟು ಕನ್ನಡ ಬರಹವು ಸುಮಾರು 25 ಕಿಲೋಬೈಟ್ ಆಗುತ್ತದೆ. 320 ಗಿಗಾಬೈಟಿನ ಹಳೆಯ ಡಿಸ್ಕಿನಲ್ಲಿ ಇಂತಹ ಲೇಖನಗಳು ಒಂದು ಕೋಟಿಗೂ ಮಿಕ್ಕಿ ಹಿಡಿಯುತ್ತವೆ. ಒಂದು ಊರಿನ ಬರಹವನ್ನೆಲ್ಲ ಹೊರಲು ಹಳೆಯ ಯಂತ್ರಕ್ಕೆ ಶಕ್ತಿ ಸಾಲದೆಂದು ಹೇಳುವುದು ನ್ಯಾಯವಲ್ಲ.

ಮನೆಯೊಳಗಿನ ಯಂತ್ರದಿಂದ ಲೋಕಕ್ಕೆ ಮಾತನಾಡುವುದು ಮೈಸೂರು ಸೀಮೆಗೆ ಹೊಸದೇನೂ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಾದ ‘ವಿಠ್ಠಲ ವಿಹಾರ’ದಿಂದ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಯಂತ್ರದ ಶಕ್ತಿ 30 ವ್ಯಾಟು ಮಾತ್ರ. ಮುಂದೆ ಆ ನಿಲಯ ಸಂಸ್ಥಾನದ ವಶಕ್ಕೆ ಬಂದು, 1950ರಲ್ಲಿ ಭಾರತ ಸರ್ಕಾರದ ಬಾನುಲಿಯಲ್ಲಿ ಸೇರಿತು. ಅವರ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಇಂದು ದೇಶದ ಬಾನುಲಿಗೆಲ್ಲ ಸಂದಿದೆ. ತಂತಿ ಸಮಾಚಾರದ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು, ಸ್ವಾತಂತ್ರ್ಯೋತ್ಸವದ ದಿನವೇ, ಸಾರ್ವಜನಿಕರಿಗೆ ಇಂಟರ್‌ನೆಟ್ಟನ್ನು ತೆರೆಯಿತು. ಮರುವರ್ಷವೇ, 1996ರಲ್ಲಿ, ಡಾಕ್ಟರ್ ಯು. ಬಿ. ಪವನಜರು ‘ವಿಶ್ವಕನ್ನಡ’ ತಾಣವನ್ನು ಸ್ಥಾಪಿಸಿ ಕನ್ನಡಕ್ಕೆ ಅಲ್ಲಿ ಸ್ಥಳ ದೊರಕಿಸಿದರು. ಒಬ್ಬೊಬ್ಬರ ಉತ್ಸಾಹದಿಂದಲೇ ನಾಡಿಗೆ ಇಷ್ಟು ಲಾಭವಾಗಿರುವಾಗ ನಾವು ಕೈಕಟ್ಟಿ ಕುಳಿತಿರುವುದು ತರವಲ್ಲ.

‘ದೊಡ್ಡ ಕಂಪೆನಿಗಳು ಬಿಟ್ಟಿಯಾಗಿ ಸ್ಥಳ ಕೊಡುತ್ತಿರುವಾಗ ಈ ತಾಪತ್ರಯವೇಕೆ?’ ಎಂದು ಕೆಲವರು ಕೇಳಬಹುದು. ಗಿರಣಿಯ ಬಟ್ಟೆ ಅಗ್ಗವಾಗಿರುವಾಗ ರಾಟೆಯೇಕೆಂದು ಹಿಂದೆ ಕೇಳುತ್ತಿದ್ದವರ ಪ್ರಶ್ನೆಯೂ ಇದೇ ಜಾತಿಯದು. ಜಿಯೋಸಿಟೀಸ್ ಎಂಬ ಉಚಿತ ಸ್ಥಳದಲ್ಲಿ ಅಸಂಖ್ಯ ಜನರು ತಮ್ಮ ಪುಟಗಳನ್ನು ಕಟ್ಟಿಕೊಂಡಿದ್ದರು. ಯಾಹೂ ಕಂಪೆನಿಯವರು 2009ರ ಅಕ್ಟೋಬರಿನಲ್ಲಿ ಅದನ್ನು ಮುಚ್ಚಿದರು. ನಮ್ಮ ಯುವಕರು ಹಗಲಿರುಳು ಬರೆಯುತ್ತಿದ್ದ ಆರ್ಕುಟ್ಟನ್ನು ಗೂಗಲ್ ಕಂಪೆನಿಯವರು 2014ರ ಸೆಪ್ಟೆಂಬರ್ 30ರಂದು ನಿಲ್ಲಿಸಿದರು. ಮನೆಯ ಯಜಮಾನನು ಬಿಡು ಎಂದ ದಿನ ಬಾಡಿಗೆದಾರನು ಗಂಟುಮೂಟೆ ಕಟ್ಟಲೇಬೇಕು. ಬಾಡಿಗೆಯನ್ನೇ ಕೊಡದವನಿಗೆ ಕೇಳುವ ಹಕ್ಕಾದರೂ ಎಲ್ಲಿಯದು?

ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ವೃತ್ತಪತ್ರಿಕೆಗಳ ಶಾಸನವು ಬಂದು, ಪತ್ರಿಕೆ ಹೊರಡಿಸಲು ಸರ್ಕಾರದ ಅಪ್ಪಣೆ ಬೇಕೆಂದಾಯಿತು. ಅದನ್ನು ನಮ್ಮ ಹಿರಿಯರು ಬಹಿರಂಗವಾಗಿ ಖಂಡಿಸಿದರು. ಸ್ವತಂತ್ರ ಭಾರತದಲ್ಲಿಯೂ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಪ್ರಕರಣವನ್ನು ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ ತಳ್ಳಿಹಾಕಿತು. ಕಾಯಿದೆಯ ಅನ್ಯಾಯಕ್ಕೆ ನ್ಯಾಯಾಲಯವುಂಟು, ಶಾಸನಸಭೆಯುಂಟು. ಪರದೇಶದ ಕಂಪೆನಿಯ ಲೆಕ್ಕಪತ್ರದಲ್ಲಿ ಲಾಭವಿಲ್ಲವೆಂದು ಅಳಿಸಿಹೋದ ಕನ್ನಡದ ಪುಟಕ್ಕೆ ಯಾವ ಮೇಲ್ಮನವಿಯುಂಟು? ಮನೆಯ ಯಂತ್ರದಲ್ಲಿ ಬರೆದವನು ಕಾನೂನಿಗೆ ಹೊರತಲ್ಲ. ತಾನು ಬರೆದುದಕ್ಕೆ ತಾನೇ ಹೊಣೆಗಾರ. ಆ ಹೊಣೆಯೇ ಸ್ವಾತಂತ್ರ್ಯದ ಲಕ್ಷಣ.

ಏನನ್ನು ಬರೆಯುವುದೆಂಬ ಚಿಂತೆ ಬೇಡ. ಕಬಿನಿ ಜಲಾಶಯದಲ್ಲಿ ಮುಳುಗಿದ ಊರುಗಳ ನೆನಪುಗಳನ್ನು ಹೇಳಬಲ್ಲ ವೃದ್ಧರು ಕೋಟೆ ತಾಲ್ಲೂಕಿನಲ್ಲಿದ್ದಾರೆ. ಪುನ್ನಾಟರ ರಾಜಧಾನಿಯಾದ ಕೀರ್ತಿಪುರವೆಂದು ವಿದ್ವಾಂಸರು ಗುರುತಿಸುವ ಕಿತ್ತೂರೂ ಅಲ್ಲಿನದೇ. ಜೇನುಕುರುಬರ ನುಡಿಯೂ ಹಾಡೂ ಬರಹಕ್ಕೆ ಇಳಿಯಬೇಕಾಗಿವೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರರ ಅನುಭವ, ಹಳೆಯ ಕೋಟೆಯ ಚರಿತ್ರೆ, ಚುಂಚನಕಟ್ಟೆಯ ಜಾತ್ರೆ, ಎಡತೊರೆಯ ಪೂರ್ವವೃತ್ತಾಂತ, ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸರನ್ನು ಕಂಡವರ ಮಾತುಗಳು, ಇವೆಲ್ಲವೂ ನಮ್ಮ ಸ್ವತ್ತು. ನಾವು ಬರೆದಿಡದಿದ್ದರೆ ಪರರು ಬಂದು ಬರೆಯಲಾರರು.

ಕಷ್ಟಗಳನ್ನು ಮರೆಮಾಚುವುದು ಪತ್ರಿಕಾಧರ್ಮವಲ್ಲ. ಮೊದಲನೆಯದು ವಿದ್ಯುಚ್ಛಕ್ತಿ. ಹಳೆಯ ಲ್ಯಾಪ್‌ಟಾಪೊಂದು 15 ವ್ಯಾಟು ತೆಗೆದುಕೊಂಡರೆ, ಹಗಲಿರುಳು ಉರಿದರೂ ತಿಂಗಳಿಗೆ 11 ಯೂನಿಟ್ಟಿಗಿಂತ ಕಡಿಮೆ. 60 ವ್ಯಾಟಿನ ಮೇಜಿನ ಯಂತ್ರಕ್ಕಾದರೋ 43 ಯೂನಿಟ್ಟು. ಆದುದರಿಂದ ಲ್ಯಾಪ್‌ಟಾಪೇ ಮೇಲು. ಕರೆಂಟು ಹೋದಾಗ ಅದರ ಬ್ಯಾಟರಿ ಸ್ವಲ್ಪ ಹೊತ್ತು ನೆರವಾದರೂ, ಇಂಟರ್‌ನೆಟ್ಟಿನ ಪೆಟ್ಟಿಗೆಗೂ ಒಂದು ಸಣ್ಣ ಯು.ಪಿ.ಎಸ್. ಬೇಕು. ಉಬ್ಬಿದ ಬ್ಯಾಟರಿಯನ್ನು ತತ್‌ಕ್ಷಣ ತೆಗೆದುಹಾಕಬೇಕು. ಎರಡನೆಯದು ರಕ್ಷಣೆ. ಯಂತ್ರದಲ್ಲಿ ಲಿನಕ್ಸ್ ಹಾಕಿ ಕಾಲಕಾಲಕ್ಕೆ ಪರಿಷ್ಕರಿಸಬೇಕು. ತಾಣಕ್ಕೆ ಅಗತ್ಯವಾದ ಬಾಗಿಲುಗಳನ್ನು ಮಾತ್ರ ತೆರೆಯಬೇಕು. ಬ್ಯಾಂಕಿನ ಕಾಗದಗಳನ್ನೂ ಮನೆಯ ಭಾವಚಿತ್ರಗಳನ್ನೂ ಅದರಲ್ಲಿ ಇಡಕೂಡದು. ಹಳೆಯ ಡಿಸ್ಕು ಯಾವ ಗಳಿಗೆಯಲ್ಲಾದರೂ ಕೈಕೊಡಬಹುದಾದ ಕಾರಣ, ಬರಹದ ಇನ್ನೊಂದು ಪ್ರತಿ ಪರವೂರಿನ ನೆಂಟರ ಮನೆಯಲ್ಲಿರುವುದು ಕ್ಷೇಮ.

ಮೂರನೆಯ ಕಷ್ಟವು ನಮ್ಮ ಕೈಮೀರಿದ್ದು. ಹಳೆಯ ಐಪಿವಿ4 ಕ್ರಮದಲ್ಲಿ ಇರುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಹೀಗಾಗಿ ಇಂಟರ್‌ನೆಟ್ ಒದಗಿಸುವವರು ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಹಾಕುತ್ತಾರೆ. ಅಂತಹ ಮನೆಯಿಂದ ಲೋಕವನ್ನು ನೋಡಬಹುದೇ ಹೊರತು, ಲೋಕವು ನೇರವಾಗಿ ಆ ಮನೆಯ ಬಾಗಿಲು ತಟ್ಟಲಾರದು. ಹೊಸ ಐಪಿವಿ6 ಕ್ರಮದಲ್ಲಿ ವಿಳಾಸಗಳಿಗೆ ಬಡತನವಿಲ್ಲ. ಬರೇ ಗ್ರಾಹಕರಾಗಿ ಕೇಳುತ್ತಿರಿ, ನೋಡುತ್ತಿರಿ, ಮಾತನಾಡಬೇಡಿರಿ ಎಂಬ ಈ ಏರ್ಪಾಡು ಪ್ರಜಾಪ್ರಭುತ್ವಕ್ಕೆ ಒಪ್ಪುವಂಥದಲ್ಲ.

ಆದಕಾರಣ ಅಧಿಕಾರಿವರ್ಗದವರಲ್ಲಿ ನಮ್ಮ ಬಿನ್ನಹಗಳು ಎರಡು. ಒಂದನೆಯದಾಗಿ, ಕೇಳಿದ ಪ್ರತಿಯೊಬ್ಬ ಚಂದಾದಾರನಿಗೂ ಹೊರಗಿನಿಂದ ತಲಪಬಹುದಾದ ವಿಳಾಸವನ್ನು ಹೊರೆಯಾಗದ ದರದಲ್ಲಿ ಕೊಡುವಂತೆ ಏರ್ಪಡಿಸಬೇಕು. ಸರ್ಕಾರದ ಒಡೆತನದ ಬಿ.ಎಸ್.ಎನ್.ಎಲ್. ಇದರಲ್ಲಿ ಮೇಲ್ಪಂಕ್ತಿ ಹಾಕಲಿ. ಎರಡನೆಯದಾಗಿ, ಕಚೇರಿಗಳಲ್ಲಿ ತ್ಯಜಿಸಿದ ಕಂಪ್ಯೂಟರುಗಳನ್ನು, ಅವುಗಳಲ್ಲಿನ ದಾಖಲೆಗಳನ್ನು ಪೂರ್ಣವಾಗಿ ಅಳಿಸಿದ ಮೇಲೆ, ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳಿಗೂ ಸಾರ್ವಜನಿಕ ಗ್ರಂಥಾಲಯಗಳಿಗೂ ಹಂಚಬೇಕು. ತರುಣರಿಗೆ ಯಂತ್ರವನ್ನು ಬಿಚ್ಚಿ ಜೋಡಿಸಲು ಕಲಿಸಿದಂತೆಯೂ ಆಯಿತು, ಊರಿನ ಚರಿತ್ರೆ ಉಳಿದಂತೆಯೂ ಆಯಿತು.

ಮಹಾಜನರಲ್ಲಿ ನಾವು ಕೇಳುವುದು ಇನ್ನೂ ಕಡಿಮೆ. ತಾಲ್ಲೂಕಿಗೆ ಹತ್ತು ಮನೆಗಳವರು ಮನಸ್ಸು ಮಾಡಲಿ. ಸರ್ಕಾರದ ಅಪ್ಪಣೆಗೆ ಕಾಯದೆ, ಹಣವಂತರ ದಾನಕ್ಕೆ ಕಾಯದೆ, ಅಟ್ಟದ ಯಂತ್ರವನ್ನು ಕೆಳಗಿಳಿಸಿ ಒರಸಲಿ. ಮನೆಯ ವಿದ್ಯಾರ್ಥಿಯ ಸಹಾಯ ಪಡೆದು ಒಂದು ಪುಟ ಬರೆಯಲಿ. ಆ ಪುಟವನ್ನು ದಿನಕ್ಕೆ ನಾಲ್ವರೇ ಓದಲಿ, ಚಿಂತೆಯಿಲ್ಲ. ಅದನ್ನು ಅಳಿಸುವ ಅಧಿಕಾರ ಬರೆದವನ ಕೈಯಲ್ಲಿಯೇ ಉಳಿಯುತ್ತದೆ. ಸ್ವರಾಜ್ಯದ ಆರಂಭ ಎಂದಿಗೂ ಮನೆಯಿಂದಲೇ.