ಮೊದಲ ಪಿಸ್ತೂಲು: ಆತುರ ಬೇಡಮ್ಮಾ!

‘ಅಮ್ಮಾ, ನಂಗೊಂದು ಪಿಸ್ತೂಲು ಕೊಡ್ಸು’ ಅಂತ ಮಗಳು ಕೇಳಿದರೆ ಎದೆ ಧಸಕ್ಕೆನ್ನದ ತಾಯಿ ಯಾರಿದ್ದಾರೆ ಹೇಳಿ? ಸೈಕಲ್ ಕೇಳಿದಳು, ಕೊಡಿಸಿದಿರಿ. ಭರತನಾಟ್ಯಕ್ಕೆ ಗೆಜ್ಜೆ ಕೇಳಿದಳು, ಅದೂ ಆಯಿತು. ಈಗ ಪಿಸ್ತೂಲಂತೆ!

ಗಾಬರಿಯಾಗಬೇಡಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದ ಮೇಲೆ ಹೆಣ್ಣುಮಕ್ಕಳಿಗೆ ಈ ಆಸೆ ಹುಟ್ಟಿದರೆ ಆಶ್ಚರ್ಯವೇನಿಲ್ಲ. ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. ಕೂಡ 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜತೆಗೂಡಿ ಏರ್ ಪಿಸ್ತೂಲ್ ಮಿಶ್ರ ತಂಡ ವಿಭಾಗದಲ್ಲಿ ಚಿನ್ನ ಗೆದ್ದವರು. ಮಗಳಿಗೇ ಯಾಕೆ, ನಿಮಗೇ ಆಸೆಯಾದರೂ ತಪ್ಪೇನಿಲ್ಲ. ಉತ್ತರ ಪ್ರದೇಶದ ಜೋಹ್ರಿ ಗ್ರಾಮದ ಚಂದ್ರೋ ತೋಮರ್ ಮೊಮ್ಮಗಳನ್ನು ರೈಫಲ್ ಕ್ಲಬ್ಬಿಗೆ ಕರೆದುಕೊಂಡು ಹೋಗಿ, ಅಲ್ಲಿ ತಾವೇ ಪಿಸ್ತೂಲು ಹಿಡಿದಾಗ ಅವರಿಗೆ ಅರವತ್ತು ದಾಟಿತ್ತು!

ಸರಿ, ಆಸೆಗೇನೋ ಒಪ್ಪಿಗೆ ಸಿಕ್ಕಿತು. ಯಾವುದನ್ನು ಕೊಡಿಸೋದು? ‘ಹೇಗೂ ಮುಂದೆ ಬೇಕಾಗುತ್ತೆ, ಸೀದಾ ಪಾಯಿಂಟ್ ಟೂಟೂ ತಗೊಂಡ್ಬಿಡಿ. ಎರಡೆರಡು ಸಲ ಯಾಕೆ ಖರ್ಚು?’ ಎನ್ನುವ ಸಲಹೆಗಾರರು ಎಲ್ಲ ಕಡೆ ಸಿಗುತ್ತಾರೆ. ಇದಕ್ಕಾಗಿ ಬಳೆ ಅಡ ಇಡಲು ಹೊರಡುವ ಅಮ್ಮಂದಿರೂ ಇದ್ದಾರೆ. ನನ್ನ ಮಾತು ಕೇಳಿ: ಮೊದಲ ಪಿಸ್ತೂಲು .22 ಆಗಬಾರದು. ಅಷ್ಟೇ ಅಲ್ಲ, ಮೊದಲ ಆರು ತಿಂಗಳು ಯಾವ ಪಿಸ್ತೂಲನ್ನೂ ಕೊಳ್ಳಬಾರದು.

ಎರಡಕ್ಕೂ ಏನು ವ್ಯತ್ಯಾಸ?

.22 ಅನ್ನೋದು ಗುಂಡಿನ ಅಳತೆ, ಸುಮಾರು 5.6 ಮಿಲಿಮೀಟರ್. ಇದರ ಕಾಡತೂಸಿನ ಬುಡದ ಅಂಚಿನೊಳಗೇ ಕಿಡಿ ಹೊತ್ತಿಸುವ ಮದ್ದು ಇರುತ್ತದೆ. ಪಿಸ್ತೂಲಿನ ಪಿನ್ ಆ ಅಂಚಿಗೆ ಬಡಿದಾಗ ಗುಂಡು ಹಾರುತ್ತದೆ. ಅದಕ್ಕೇ ರಿಮ್‌ಫೈರ್ ಎಂಬ ಹೆಸರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 25 ಮೀಟರ್ ಪಿಸ್ತೂಲ್ ಸ್ಪರ್ಧೆ ಇದರಲ್ಲೇ ನಡೆಯೋದು. ಕೊಲ್ಹಾಪುರದ ರಾಹಿ ಸರ್ನೋಬತ್ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿದ್ದು ಇದೇ ಸ್ಪರ್ಧೆಯಲ್ಲಿ.

ಏರ್ ಪಿಸ್ತೂಲಿನಲ್ಲಿ ಮದ್ದೇ ಇಲ್ಲ. ಒತ್ತಿ ತುಂಬಿದ ಗಾಳಿ 4.5 ಮಿಲಿಮೀಟರಿನ ಪುಟ್ಟ ಸೀಸದ ಪೆಲೆಟ್ಟನ್ನು ತಳ್ಳುತ್ತದೆ. ಗುರಿ ಇರುವುದು 10 ಮೀಟರ್ ದೂರದಲ್ಲಿ.

ಕಲಿಯುವವರಿಗೆ ಏರ್ ಪಿಸ್ತೂಲೇ ಒಳ್ಳೆಯ ಗುರು. ಯಾಕೆ ಗೊತ್ತಾ? .22 ‘ಢಂ’ ಅಂದಾಗ ಹೊಸಬರು ಬೆಚ್ಚಿ ಕಣ್ಣು ಮುಚ್ಚುತ್ತಾರೆ, ಮಣಿಕಟ್ಟು ಜಗ್ಗುತ್ತಾರೆ. ಆ ಅಭ್ಯಾಸ ಒಮ್ಮೆ ಅಂಟಿದರೆ ಬಿಡಿಸುವುದು ಕಷ್ಟ. ಏರ್ ಪಿಸ್ತೂಲಿನಲ್ಲಿ ಸದ್ದು ಕಡಿಮೆ, ಕೈಗೆ ಒದೆತ ಇಲ್ಲವೆಂದರೂ ನಡೆದೀತು. ಪೆಲೆಟ್ ನಿಧಾನವಾಗಿ ನಳಿಕೆ ದಾಟುವುದರಿಂದ ಕೈ ಸ್ವಲ್ಪ ಅಲುಗಿದರೂ ಗುರಿಯ ಕಾಗದದ ಮೇಲೆ ಕಾಣಿಸಿಬಿಡುತ್ತದೆ. ತಪ್ಪು ಮುಚ್ಚಿಡಲು ಆಗುವುದೇ ಇಲ್ಲ!

‘ಅಮೆರಿಕದಲ್ಲಿರೋ ನನ್ನ ನಾದಿನಿ ಮೊದಲು ಕೊಂಡಿದ್ದೇ .22 ಅಲ್ವಾ?’ ಅಂತ ಯಾರಾದರೂ ಕೇಳಬಹುದು. ನಿಜ. ಅಲ್ಲಿ ರೂಗರ್ ಮಾರ್ಕ್ 4, ಬ್ರೌನಿಂಗ್ ಬಕ್ ಮಾರ್ಕ್‌ನಂಥ .22 ಪಿಸ್ತೂಲುಗಳಿಂದಲೇ ಕಲಿಕೆ ಶುರುಮಾಡುವವರು ಬಹಳ. ಆದರೆ ಅಲ್ಲಿನ ಕಾನೂನು, ಅಲ್ಲಿನ ಅಂಗಡಿ, ಅಲ್ಲಿನ ಕಾಡತೂಸಿನ ಬೆಲೆ ಎಲ್ಲವೂ ಬೇರೆ. ಅವರ ಲೆಕ್ಕ ನಮಗೆ ಹೊಂದದು.

ಕಾನೂನು ಏನನ್ನುತ್ತೆ?

ನಮ್ಮಲ್ಲಿ .22 ಪಿಸ್ತೂಲು ಬಂದೂಕಿನ ಸಾಲಿಗೇ ಸೇರುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಕಮಿಷನರ್ ಕಚೇರಿಗೆ, ಉಳಿದೆಡೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಪೊಲೀಸ್ ವಿಚಾರಣೆಯೂ ಇರುತ್ತದೆ. ಲೈಸೆನ್ಸ್ ಪಡೆಯಲು ಸಾಮಾನ್ಯವಾಗಿ 21 ವರ್ಷ ತುಂಬಿರಬೇಕು. 12 ತುಂಬಿದ ಮಕ್ಕಳು ಹಿರಿಯರ ನೇರ ಮೇಲ್ವಿಚಾರಣೆಯಲ್ಲಿ ಗುರಿ ಅಭ್ಯಾಸ ಮಾಡಬಹುದು, ಅಷ್ಟೇ. ಕಾಡತೂಸಿಗೂ ಲೈಸೆನ್ಸಿನಲ್ಲೇ ಲೆಕ್ಕ. ಬೇಕಾದಷ್ಟು ಕೊಂಡು ತರೋಕೆ ಅದೇನು ಅಕ್ಕಿ ಬೇಳೆಯೇ?

ಸ್ಪರ್ಧೆಗೆ ಬಳಸುವ 4.5 ಮಿ.ಮೀ. ಏರ್ ಪಿಸ್ತೂಲಿಗೆ ಲೈಸೆನ್ಸಿನ ರಗಳೆ ಇಲ್ಲ. ಅದರ ಶಕ್ತಿ 20 ಜೌಲ್ ಮಿತಿಗಿಂತ ಬಹಳ ಕೆಳಗಿರುತ್ತದೆ. ಹಾಗಂತ ಅದು ಆಟಿಕೆ ಅಲ್ಲ. ಕಣ್ಣಿಗೆ ಬಡಿದರೆ ಕಣ್ಣೇ ಹೋದೀತು. ಅಧಿಕೃತ ಅಂಗಡಿಯಲ್ಲೇ ಕೊಳ್ಳಿ, ಬಿಲ್ ಜೋಪಾನವಾಗಿಡಿ.

ಮೊದಲು ಕ್ಲಬ್ಬಿನದು, ಆಮೇಲೆ ಮನೆಯದು

ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯಲ್ಲಿ ವಿಚಾರಿಸಿ, ಮಾನ್ಯತೆ ಇರುವ ಕ್ಲಬ್ಬಿಗೆ ಮಗಳನ್ನು ಸೇರಿಸಿ. ಕಲಿಯುವವರಿಗೆ ಕ್ಲಬ್ಬಿನದೇ ಪಿಸ್ತೂಲು ಕೊಡುತ್ತಾರೆಯೇ ಅಂತ ಸೇರುವ ಮೊದಲೇ ಕೇಳಿ. ಒಂದೇ ಪಿಸ್ತೂಲಿಗೆ ಅಂಟಿಕೊಳ್ಳದೆ ಮೂರು ನಾಲ್ಕು ಬಗೆಯದನ್ನು ಹಿಡಿದು ನೋಡಲಿ. ಆರು ತಿಂಗಳಾದ ಮೇಲೂ ಭಾನುವಾರ ಬೆಳಿಗ್ಗೆ ಅವಳೇ ಎದ್ದು ‘ಅಮ್ಮಾ, ಲೇಟಾಯ್ತು’ ಅಂದರೆ ಆಗ ಪರ್ಸು ತೆಗೆಯಿರಿ. ವಿದೇಶಿ ಕಂಪನಿಗಳ ಸ್ಪರ್ಧೆ ಮಟ್ಟದ ಏರ್ ಪಿಸ್ತೂಲು ಲಕ್ಷ ರೂಪಾಯಿ ದಾಟುತ್ತದೆ. ಕಲಿಕೆಗೆ ನಮ್ಮ ದೇಶದಲ್ಲೇ ತಯಾರಾಗುವ, ಬಹಳ ಕಡಿಮೆ ಬೆಲೆಯವೂ ಇವೆ. ಆರು ತಿಂಗಳು ಕಾದರೆ ಕಳೆದುಕೊಳ್ಳುವುದು ಏನೂ ಇಲ್ಲ. ಕಾಯದೆ ಕೊಂಡರೆ ಬೀರುವಿನೊಳಗೆ ಲಕ್ಷ ರೂಪಾಯಿ ಮಲಗೀತು.

ಕೈಗೆ ಹೊಂದುವುದೇ ಮುಖ್ಯ

ರವಿಕೆ ಹೊಲಿಸುವಾಗ ಅಳತೆ ಕೊಡದೆ ಬರುತ್ತೇವಾ? ಪಿಸ್ತೂಲೂ ಹಾಗೇ. ಮರದ ಹಿಡಿ ಬೇರೆ ಬೇರೆ ಸೈಜಿನಲ್ಲಿ ಬರುತ್ತದೆ, ಎಡಗೈಯವರಿಗೆ ಬೇರೆಯೇ ಇರುತ್ತದೆ. ಹಿಡಿದಾಗ ಅಂಗೈಗೂ ಹಿಡಿಗೂ ನಡುವೆ ಸಂದು ಇರಬಾರದು. ತೋರುಬೆರಳಿನ ತುದಿಯ ಮೆತ್ತನೆ ಭಾಗ ಎಳೆದಾಡದೆ ಟ್ರಿಗರ್ ಮುಟ್ಟಬೇಕು. ಕಣ್ಣು ಮುಚ್ಚಿ ಕೈ ಎತ್ತಿ, ಕಣ್ಣು ತೆರೆದಾಗ ಮುಂದಿನ ಮತ್ತು ಹಿಂದಿನ ಗುರಿಕಡ್ಡಿಗಳು ತಾವಾಗಿಯೇ ಒಂದೇ ಸಾಲಿಗೆ ಬಂದಿದ್ದರೆ ಅದು ಅವಳ ಪಿಸ್ತೂಲು.

ತೂಕವೂ ನೋಡಿ. ಈ ಪಿಸ್ತೂಲುಗಳು ಹೆಚ್ಚುಕಡಿಮೆ ಒಂದು ಕಿಲೋ ತೂಗುತ್ತವೆ. ಹಿಡಿಯಬೇಕಾದದ್ದು ಒಂದೇ ಕೈಯಲ್ಲಿ. ಒಂದು ಲೀಟರಿನ ನೀರಿನ ಬಾಟಲಿ ಹಿಡಿದು ತೋಳು ನೇರ ಮಾಡಿ ಇಪ್ಪತ್ತು ಸೆಕೆಂಡು ನಿಲ್ಲಿ. ಗೊತ್ತಾಗುತ್ತದೆ! ಬೆಳೆಯುವ ಹುಡುಗಿಯ ಭುಜಕ್ಕೆ ಮೊದಲು ಬಲ ಬರಲಿ.

ರಿಪೇರಿ, ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತಲೂ ಕೇಳಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಏರ್ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೈಕೊಟ್ಟು, ಅಮೂಲ್ಯ ನಿಮಿಷಗಳು ಹೋಗಿ ಫೈನಲ್ ತಪ್ಪಿತು. ದೊಡ್ಡ ಹೆಸರಿನ ಯಂತ್ರವೂ ಯಂತ್ರವೇ.

.22 ಯಾವಾಗ?

ಏರ್ ಪಿಸ್ತೂಲಿನಲ್ಲಿ ಕೈ ಪಳಗಿ, ಕೋಚ್ ‘ಈಗ ಸೈ’ ಅಂದ ಮೇಲೆ. ಆಗ ವಾಲ್ಥರ್, ಪಾರ್ಡಿನಿ, ಹ್ಯಾಮರ್ಲಿ ಅಂತ ಹೆಸರುಗಳು ಕಿವಿಗೆ ಬೀಳುತ್ತವೆ. ಹೆಸರಿಗಿಂತ ನಿಯಮ ಮುಖ್ಯ. 25 ಮೀಟರ್ ಸ್ಪರ್ಧೆಗೆ ಪಿಸ್ತೂಲಿನ ತೂಕ 1,400 ಗ್ರಾಂ ಮೀರಬಾರದು. ಟ್ರಿಗರ್ ಕನಿಷ್ಠ 1,000 ಗ್ರಾಂ ಒತ್ತಡ ತಡೆಯಬೇಕು. ಏರ್ ಪಿಸ್ತೂಲಿನಲ್ಲಿ ಇದು 500 ಗ್ರಾಂ. ಹೀಗಾಗಿ ಬೆರಳಿಗೆ ದುಪ್ಪಟ್ಟು ಕೆಲಸ. 60 ಗುಂಡುಗಳ ಸ್ಪರ್ಧೆಯಲ್ಲಿ ಅರ್ಧವನ್ನು, ಗುರಿ ಕಾಣಿಸುವ ಮೂರೇ ಸೆಕೆಂಡಿನಲ್ಲಿ ಕೈ ಎತ್ತಿ ಒಂದೊಂದಾಗಿ ಹೊಡೆಯಬೇಕು. ಅಡಿಪಾಯ ಗಟ್ಟಿ ಇಲ್ಲದವರಿಗೆ ಇದು ನುಂಗಲಾರದ ತುತ್ತು.

ಇನ್ನೊಂದು ಸೂಕ್ಷ್ಮ ಇದೆ. ಗುಂಡಿಲ್ಲದೆ ಟ್ರಿಗರ್ ಒತ್ತಿ ಅಭ್ಯಾಸ ಮಾಡುವುದಕ್ಕೆ ಡ್ರೈ ಫೈರ್ ಅಂತಾರೆ. ಏರ್ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಅದಕ್ಕೆಂದೇ ವ್ಯವಸ್ಥೆ ಇರುತ್ತದೆ. ಬಿಡಿಗಾಸು ಖರ್ಚಿಲ್ಲದ ಅಭ್ಯಾಸ ಅದು. ಅನೇಕ ರಿಮ್‌ಫೈರ್‌ಗಳಲ್ಲಿ ಹಾಗೆ ಮಾಡಿದರೆ ಪಿನ್ ನೇರವಾಗಿ ಲೋಹದ ಅಂಚಿಗೆ ಬಡಿದು ಹಾಳಾಗಬಹುದು. ಅದಕ್ಕೆಂದೇ ಸಿಗುವ ಡಮ್ಮಿ ಕಾಡತೂಸು ಹಾಕಬೇಕು.

ಕೊನೆಯದಾಗಿ ಒಂದು ಮಾತು. ‘ಕಾಲ ಕೆಟ್ಟಿದೆ, ರಕ್ಷಣೆಗೂ ಆಯ್ತು’ ಅಂತ ಇದನ್ನು ಕೊಳ್ಳಬೇಡಿ. ಇದು ಆಟದ ಸಾಧನ, ಆತ್ಮರಕ್ಷಣೆಯದ್ದಲ್ಲ. ಪರೀಕ್ಷೆ, ಪ್ರೀತಿ, ಜಗಳ ಎಲ್ಲವೂ ಇರುವ ಮನೆಯಲ್ಲಿ ಲೈಸೆನ್ಸ್ ಆಯುಧ ತಂದಿಡುವುದು ಸಣ್ಣ ವಿಷಯವಲ್ಲ. ಹೀಗಾಗಿ ಕೊಡಿಸುವ ನಿರ್ಧಾರದಲ್ಲಿ ಅಪ್ಪನ ಉತ್ಸಾಹದಷ್ಟೇ ಅಮ್ಮನ ವಿವೇಚನೆಗೂ ಜಾಗ ಇರಲಿ. ಬೀಗದ ಕೈ ನಿಮ್ಮ ಸೊಂಟದಲ್ಲಿರಲಿ!

ನೆನಪಿರಲಿ

* ಖಾಲಿ ಇದೆ ಅಂತ ಗೊತ್ತಿದ್ದರೂ ಪಿಸ್ತೂಲಿನ ಮೂತಿ ಯಾರ ಕಡೆಗೂ ತಿರುಗಬಾರದು. ಗುರಿ ನೋಡುವವರೆಗೆ ಬೆರಳು ಟ್ರಿಗರ್ ಹೊರಗೇ ಇರಲಿ.
* ಪಿಸ್ತೂಲು ಒಂದು ಬೀಗದಲ್ಲಿ, ಪೆಲೆಟ್ ಅಥವಾ ಕಾಡತೂಸು ಇನ್ನೊಂದು ಬೀಗದಲ್ಲಿ.
* ತಾರಸಿ, ಪಾರ್ಕು, ಅಪಾರ್ಟ್‌ಮೆಂಟ್ ಕಾರಿಡಾರ್ ಶೂಟಿಂಗ್ ಜಾಗಗಳಲ್ಲ.
* ರೇಂಜಿನಲ್ಲಿ ಕಣ್ಣಿಗೆ ಕನ್ನಡಕ ಇರಲಿ. .22 ಸದ್ದಿಗೆ ಕಿವಿಗವಸು ಕಡ್ಡಾಯ.
* ಪೆಲೆಟ್ಟಿನಲ್ಲೂ ಗುಂಡಿನಲ್ಲೂ ಸೀಸ ಇರುತ್ತದೆ. ಅಭ್ಯಾಸ ಮುಗಿದ ಕೂಡಲೇ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ಬಸುರಿಯರು ವೈದ್ಯರನ್ನು ಕೇಳದೆ ರೇಂಜಿಗೆ ಹೋಗುವುದು ಬೇಡ.