ಕದ್ದಾಲಿಕೆಯ ಲೆಕ್ಕವನ್ನು ಸದನಕ್ಕೆ ಕೊಡಿ

ಮಾನ್ಯ ಗೃಹ ಸಚಿವರಾದ ಡಾ. ಜಿ. ಪರಮೇಶ್ವರ ಅವರಿಗೆ,



2021ರ ಜುಲೈನಲ್ಲಿ ಪೆಗಾಸಸ್ ಎಂಬ ತಂತ್ರಾಂಶದ ಗೂಢಚರ್ಯೆಯ ಸುದ್ದಿ ಹೊರಬಿದ್ದಾಗ, ಗುರಿಯಾಗಿದ್ದಿರಬಹುದಾದವರ ಪಟ್ಟಿಯಲ್ಲಿ ಕರ್ನಾಟಕದ ಕೆಲವು ನಂಬರುಗಳೂ ಇವೆ ಎಂದು ವರದಿಯಾಗಿತ್ತು. 2019ರಲ್ಲಿ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದ ಕಾಲದಲ್ಲಿ ಪಟ್ಟಿಗೆ ಸೇರಿದ ನಂಬರುಗಳು ಅವು. ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಮತ್ತು ಮಾಜಿ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳ ಜೊತೆಗೆ, ಅಂದು ಉಪಮುಖ್ಯಮಂತ್ರಿಯಾಗಿದ್ದ ತಮ್ಮ ನಂಬರೂ ಅದರಲ್ಲಿತ್ತು ಎಂದು ವರದಿ ಹೇಳಿತ್ತು. ತಮ್ಮ ಫೋನಿನೊಳಗೆ ಆ ತಂತ್ರಾಂಶ ಹೊಕ್ಕಿತ್ತು ಎಂಬುದು ಸಾಬೀತಾಗಿಲ್ಲ. ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತನಿಖೆ ಮಾಡಿಸಿತು. ಪರೀಕ್ಷೆಗೆ ಸಿಕ್ಕ 29 ಫೋನುಗಳಲ್ಲಿ ಐದರಲ್ಲಿ ಯಾವುದೋ ಕುತಂತ್ರಾಂಶ ಕಂಡಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ಹೇಳಿರುವುದನ್ನು ಕೋರ್ಟ್ 2022ರ ಆಗಸ್ಟ್‌ನಲ್ಲಿ ತಿಳಿಸಿತು.

ತಮ್ಮ ಮಾತನ್ನು ಯಾರಾದರೂ ಕೇಳಿಸಿಕೊಂಡರೇ, ಕೇಳಿಸಿಕೊಂಡಿದ್ದರೆ ಯಾರ ಅಪ್ಪಣೆಯ ಮೇಲೆ ಎಂದು ತಿಳಿಯುವ ದಾರಿ ಉಪಮುಖ್ಯಮಂತ್ರಿಯಾಗಿದ್ದವರಿಗೇ ಇರಲಿಲ್ಲ. ಇಂದು ರಾಜ್ಯದಲ್ಲಿ ಫೋನ್ ಕದ್ದಾಲಿಕೆಗೆ ಅನುಮತಿ ಕೊಡುವ ಇಲಾಖೆ ತಮ್ಮ ಕೈಯಲ್ಲಿದೆ. ಆದ್ದರಿಂದ ಈ ಪತ್ರವನ್ನು ತಮಗೇ ಬರೆಯುತ್ತಿದ್ದೇನೆ.

ಓದುಗರಲ್ಲಿ ಅನೇಕರಿಗೆ ಗೊತ್ತಿರಲಾರದು: ನಮ್ಮಲ್ಲಿ ಒಬ್ಬರ ಫೋನ್ ಕೇಳಬೇಕಾದರೆ ಪೊಲೀಸರು ನ್ಯಾಯಾಧೀಶರ ಮುಂದೆ ಹೋಗಬೇಕಾಗಿಲ್ಲ. ಕಡತ ಒಳಾಡಳಿತ ಇಲಾಖೆಗೆ ಬರುತ್ತದೆ, ಕಾರ್ಯದರ್ಶಿ ಸಹಿ ಹಾಕುತ್ತಾರೆ, ಆದೇಶ ಟೆಲಿಕಾಂ ಕಂಪನಿಗೆ ಹೋಗುತ್ತದೆ. ಒಂದು ಆದೇಶಕ್ಕೆ 60 ದಿನ ಆಯಸ್ಸು, ವಿಸ್ತರಿಸುತ್ತ ಹೋದರೆ 180 ದಿನ. ತುರ್ತಿದ್ದರೆ ಐಜಿಪಿ ದರ್ಜೆಯ ಅಧಿಕಾರಿಯೇ ಶುರು ಮಾಡಿಸಿ ಆಮೇಲೆ ಒಪ್ಪಿಗೆ ಪಡೆಯಬಹುದು. ಆದೇಶಗಳು ನ್ಯಾಯವಾಗಿದ್ದವೇ ಎಂದು ನೋಡಲು ಮುಖ್ಯ ಕಾರ್ಯದರ್ಶಿಯ ಅಧ್ಯಕ್ಷತೆಯಲ್ಲಿ ಒಂದು ಪರಿಶೀಲನಾ ಸಮಿತಿ ಇದೆ. ಕಾನೂನು ಇಲಾಖೆಯ ಕಾರ್ಯದರ್ಶಿ ಮತ್ತು ಇನ್ನೊಬ್ಬ ಕಾರ್ಯದರ್ಶಿ ಅದರ ಸದಸ್ಯರು. ಕೇಳಬೇಕೆನ್ನುವವರು, ಕೇಳಿ ಎನ್ನುವವರು, ಕೇಳಿದ್ದು ಸರಿಯೇ ಎಂದು ನೋಡುವವರು, ಮೂವರೂ ಒಂದೇ ಸರ್ಕಾರದ ಸಂಬಳದಲ್ಲಿರುವವರು.

ಈ ವ್ಯವಸ್ಥೆಯನ್ನು ತಾವು ಮಾಡಿದ್ದಲ್ಲ, ಒಪ್ಪುತ್ತೇನೆ. 1996ರ ಡಿಸೆಂಬರ್‌ನಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಫೋನ್ ಮಾತುಕತೆಯೂ ಖಾಸಗಿತನದ ಭಾಗ ಎಂದಿತು. ಆದರೆ ನ್ಯಾಯಾಧೀಶರ ಪೂರ್ವಾನುಮತಿ ಬೇಕೆಂದು ಕಾಯ್ದೆಯಲ್ಲೇ ಇಲ್ಲದಿರುವಾಗ ತಾನು ಸೇರಿಸಲಾರೆ ಎಂದು ಹೇಳಿ, ಗೃಹ ಕಾರ್ಯದರ್ಶಿಯ ಸಹಿ ಮತ್ತು ಪರಿಶೀಲನಾ ಸಮಿತಿಯ ಏರ್ಪಾಡು ಮಾಡಿತು. ಅದು 2007ರಲ್ಲಿ ನಿಯಮವಾಯಿತು. ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ದೂರಸಂಪರ್ಕ ಕಾಯ್ದೆ ಬಂತು, 2024ರ ಡಿಸೆಂಬರ್‌ನಲ್ಲಿ ಕದ್ದಾಲಿಕೆಯ ಹೊಸ ನಿಯಮಗಳೂ ಬಂದವು. ಕೋರ್ಟ್ ಸೇರಿಸಲಾರೆ ಎಂದಿದ್ದನ್ನು ಸೇರಿಸುವ ಅವಕಾಶ ಸಂಸತ್ತಿಗೆ ಇತ್ತು. ಸೇರಿಸಲಿಲ್ಲ.

ಪರಿಶೀಲನಾ ಸಮಿತಿಯ ಕೆಲಸ ಎಷ್ಟರ ಮಟ್ಟಿಗೆ ನಡೆದೀತು ಎಂಬುದಕ್ಕೆ ಒಂದು ಅಂಕಿ ಇದೆ. ಮಾಹಿತಿ ಹಕ್ಕಿನಡಿ ಸಿಕ್ಕ ಉತ್ತರದ ಪ್ರಕಾರ ಕೇಂದ್ರ ಸರ್ಕಾರವೊಂದೇ ತಿಂಗಳಿಗೆ ಸರಾಸರಿ 7,500ರಿಂದ 9,000 ಆದೇಶ ಹೊರಡಿಸುತ್ತಿತ್ತು. ಕೇಂದ್ರದ ಪರಿಶೀಲನಾ ಸಮಿತಿ ಎರಡು ತಿಂಗಳಿಗೊಮ್ಮೆ ಸೇರಿದಾಗ 15,000ದಿಂದ 18,000 ಆದೇಶಗಳನ್ನು ನೋಡಬೇಕು, ಇದು ಆಗುವ ಮಾತಲ್ಲ ಎಂದು ದತ್ತಾಂಶ ಸಂರಕ್ಷಣೆ ಕುರಿತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ತನ್ನ ವರದಿಯಲ್ಲಿ ಬರೆಯಿತು. ಎಂಟು ಗಂಟೆ ಬಿಡುವಿಲ್ಲದೆ ಕೂತರೂ ಒಂದು ಆದೇಶಕ್ಕೆ ಎರಡು ಸೆಕೆಂಡು ಸಿಗದು. ಅಷ್ಟರಲ್ಲಿ ಹೆಸರನ್ನು ಪೂರ್ತಿ ಓದಲೂ ಆಗದು. ಕರ್ನಾಟಕದ ಅಂಕಿ ಎಷ್ಟು ಸ್ವಾಮಿ? ವರ್ಷಕ್ಕೊಮ್ಮೆ ಅದನ್ನು ಪ್ರಕಟಿಸುವ ಪದ್ಧತಿ ನಮ್ಮಲ್ಲಿಲ್ಲ.

ಈಗ ನಮ್ಮ ರಾಜ್ಯದ ಇತಿಹಾಸವನ್ನೇ ನೋಡಿ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಫೋನ್ ಕದ್ದಾಲಿಕೆಯ ವಿವಾದದಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಮೌಲ್ಯಾಧಾರಿತ ರಾಜಕಾರಣದ ಮಾತಾಡಿದ್ದ, ರಾಜ್ಯಕ್ಕೆ ಒಳ್ಳೆಯ ಪಂಚಾಯತ್ ವ್ಯವಸ್ಥೆ ಕೊಟ್ಟ ನಾಯಕ ಅವರು. ಮೂವತ್ತೊಂದು ವರ್ಷದ ನಂತರ, 2019ರ ಆಗಸ್ಟ್‌ನಲ್ಲಿ, ಹಿರಿಯ ಪೊಲೀಸ್ ಅಧಿಕಾರಿಯೊಬ್ಬರ ಮಾತುಕತೆಯ ಧ್ವನಿಮುದ್ರಿಕೆ ಟಿವಿಯಲ್ಲಿ ಬಂತು. ಆಗಷ್ಟೇ ಬಂದಿದ್ದ ಯಡಿಯೂರಪ್ಪ ಸರ್ಕಾರ, ಹಿಂದಿನ ಮೈತ್ರಿ ಸರ್ಕಾರದ ಕಾಲದ ಕದ್ದಾಲಿಕೆ ಆರೋಪಗಳನ್ನು ಸಿಬಿಐಗೆ ಒಪ್ಪಿಸಿತು. ಪಕ್ಕದ ತೆಲಂಗಾಣದಲ್ಲಿ 2023ರ ಡಿಸೆಂಬರ್‌ನಲ್ಲಿ ಸರ್ಕಾರ ಬದಲಾಯಿತು. ಅದಾದ ಮೇಲೆ, 2024ರ ಮಾರ್ಚ್‌ನಲ್ಲಿ, ರಾಜ್ಯದ ಗುಪ್ತಚರ ವಿಭಾಗದ ಅಧಿಕಾರಿಗಳು ಅಕ್ರಮವಾಗಿ ಫೋನ್ ಕೇಳಿಸಿಕೊಂಡಿದ್ದರು, ಫಲಿತಾಂಶ ಬಂದ ಕೂಡಲೇ ಹಾರ್ಡ್ ಡಿಸ್ಕ್‌ಗಳನ್ನು ನಾಶ ಮಾಡಿದರು ಎಂಬ ಆರೋಪದ ಮೇಲೆ ಬಂಧನಗಳು ಶುರುವಾದವು.

ಈ ಯಾವ ಪ್ರಕರಣವೂ ಪರಿಶೀಲನಾ ಸಮಿತಿಯಿಂದ ಹೊರಬರಲಿಲ್ಲ. 1988ರಲ್ಲಂತೂ ಅಂಥ ಸಮಿತಿಯೇ ಇರಲಿಲ್ಲ. ಇದ್ದಾಗಲೂ ಸುದ್ದಿ ಹೊರಗೆ ಬಂದದ್ದು ರಾಜಕೀಯ ಎದುರಾಳಿಗಳಿಂದ, ಕುರ್ಚಿ ಕೈ ಬದಲಾದಾಗ. ಅಂದರೆ, ಕದ್ದಾಲಿಕೆಗೆ ಒಳಗಾದವರು ಶಾಸಕರೋ ಮಂತ್ರಿಯೋ ಐಪಿಎಸ್ ಅಧಿಕಾರಿಯೋ ಆಗಿದ್ದರೆ, ಅವರ ಪರವಾಗಿ ಎಂದಾದರೂ ಒಂದು ದಿನ ಯಾರೋ ಗದ್ದಲ ಎಬ್ಬಿಸುತ್ತಾರೆ. ಎಂದೂ ಅಧಿಕಾರಕ್ಕೆ ಬರದವರ ಪಾಡೇನು?

ಮರಳು ದಂಧೆಯ ಬಗ್ಗೆ ಮಾಹಿತಿ ಹಕ್ಕಿನ ಅರ್ಜಿ ಹಾಕುವ ತಾಲ್ಲೂಕಿನ ಒಬ್ಬ ಹುಡುಗ. ಗಾರ್ಮೆಂಟ್ಸ್‌ನಲ್ಲಿ ಸಂಘ ಕಟ್ಟುತ್ತಿರುವ ಹೆಂಗಸು. ಸ್ಥಳೀಯ ಪತ್ರಿಕೆಯ ವರದಿಗಾರ. ಮನೆಯವರ ಮಾತು ಮೀರಿ ಬೇರೆ ಜಾತಿಯವನನ್ನು ಮದುವೆಯಾಗಿ ಊರು ಬಿಟ್ಟ ಹುಡುಗಿ. ಈ ಕೊನೆಯವಳ ಬಗ್ಗೆ ನನಗೆ ಹೆಚ್ಚು ಚಿಂತೆ. ಮಾತು ಕೇಳಲು ಕಾರ್ಯದರ್ಶಿಯ ಸಹಿಯಾದರೂ ಬೇಕು. ಯಾರಿಗೆ ಎಷ್ಟು ಹೊತ್ತಿಗೆ ಕರೆ ಮಾಡಿದಳು, ಯಾವ ಟವರ್ ಅಡಿ ಇದ್ದಳು ಎಂಬ ಕರೆ ವಿವರದ ದಾಖಲೆಗೆ (ಸಿಡಿಆರ್) ಎಸ್‌ಪಿ ಮಟ್ಟದ ಅಧಿಕಾರಿಯ ಕೋರಿಕೆ ಸಾಕು. ಮನೆಯ ಕಡೆಯವರ ಪ್ರಭಾವಕ್ಕೆ ಮಣಿದು ಠಾಣೆಯಲ್ಲಿ ಯಾರೋ ಅವಳ ಲೊಕೇಷನ್ ತೆಗೆಸಿ ಕೊಟ್ಟರೆ, ಹುಡುಕಿಕೊಂಡು ಹೋಗುವವರ ಕೈಯಲ್ಲಿ ಏನಿರುತ್ತದೆ ಎಂದು ಈ ರಾಜ್ಯದ ಗೃಹ ಸಚಿವರಿಗೆ ನಾನು ಹೇಳಬೇಕಾಗಿಲ್ಲ. ಮರ್ಯಾದೆಯ ಹೆಸರಿನಲ್ಲಿ ನಡೆಯುವ ಕೊಲೆಗಳ ಕಡತಗಳು ತಮ್ಮ ಇಲಾಖೆಯಲ್ಲೇ ಇವೆ. ಖಾಸಗಿತನ ಎಂದರೆ ನಗರದ ಉಳ್ಳವರ ಗೀಳು ಎನ್ನುವವರು ಈ ಹುಡುಗಿಯನ್ನು ನೆನೆಯಬೇಕು. ಅವಳಿಗೆ ಅದು ಪ್ರಾಣದ ಪ್ರಶ್ನೆ.

ಪೊಲೀಸರು ಯಾರ ಫೋನನ್ನೂ ಕೇಳಬಾರದು ಎಂಬ ವಾದ ನನ್ನದಲ್ಲ. ಮಗುವನ್ನು ಅಪಹರಿಸಿ ಹಣಕ್ಕೆ ಕರೆ ಮಾಡುವವನ ಮಾತನ್ನು ಕೇಳಲೇಬೇಕು. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸ್ಫೋಟವಾದಾಗ, ಶಂಕಿತನ ಜಾಡು ಸಿಸಿಟಿವಿ ದೃಶ್ಯಗಳಿಂದಲೇ ಹೊರಟಿತು. ಆರು ವಾರದಲ್ಲಿ ಎನ್‌ಐಎ ಇಬ್ಬರನ್ನು ಪಶ್ಚಿಮ ಬಂಗಾಳದಲ್ಲಿ ಬಂಧಿಸಿತು. ಆ ಕೆಲಸಕ್ಕೆ ನನ್ನ ಮೆಚ್ಚುಗೆ ಪೂರ್ತಿಯಾಗಿದೆ. ಅಂಥ ತನಿಖೆಗೆ ನ್ಯಾಯಾಧೀಶರ ಒಪ್ಪಿಗೆ ಕೇಳಿದ್ದರೆ ಯಾವ ನ್ಯಾಯಾಧೀಶರೂ ಇಲ್ಲ ಎನ್ನುತ್ತಿರಲಿಲ್ಲ. ಕಾರಣ ಗಟ್ಟಿಯಿದ್ದಲ್ಲಿ ಪರಿಶೀಲನೆ ಅಡ್ಡಿಯಾಗದು.

ಕಾರಣ ಗಟ್ಟಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ತೀರ್ಪುಗಳಿವೆ. 2019ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟ್, ಲಂಚದ ಪ್ರಕರಣವೊಂದರಲ್ಲಿ ಕೇಂದ್ರದ ಮೂರು ಕದ್ದಾಲಿಕೆ ಆದೇಶಗಳನ್ನು ರದ್ದುಮಾಡಿ ಮುದ್ರಿಕೆಗಳನ್ನು ನಾಶಪಡಿಸಲು ಹೇಳಿತು. ಸಾರ್ವಜನಿಕ ತುರ್ತಾಗಲಿ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆಯಾಗಲಿ ಅಲ್ಲಿರಲಿಲ್ಲ ಎಂಬುದು ಅದರ ಕಾರಣ. 2025ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಇದೇ ಬಗೆಯ ಆದೇಶವೊಂದನ್ನು ರದ್ದುಮಾಡಿತು. ಆ ಆದೇಶ ಹೊರಟದ್ದು 2011ರಲ್ಲಿ. ನ್ಯಾಯ ಸಿಗಲು ಹದಿನಾಲ್ಕು ವರ್ಷ ಬೇಕಾಯಿತು, ಅದೂ ಮೊಕದ್ದಮೆ ಹೂಡಿದ್ದರಿಂದ ವಿಷಯ ತಿಳಿದವರಿಗೆ. ಮೊಕದ್ದಮೆಯೇ ಇಲ್ಲದೆ ಕೇಳಿಸಿಕೊಂಡು ಬಿಟ್ಟವರಿಗೆ ಅದು ಎಂದೂ ತಿಳಿಯುವುದಿಲ್ಲ.

ಇನ್ನು ಕ್ಯಾಮೆರಾಗಳ ಮಾತು. ಹೆಣ್ಣುಮಕ್ಕಳ ಸುರಕ್ಷತೆಗಾಗಿ ಇರುವ ನಿರ್ಭಯಾ ನಿಧಿಯ ನೆರವಿನ ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರಿಗೆ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬಂದಿವೆ. ಅವುಗಳಲ್ಲಿ ಮುಖ ಗುರುತಿಸುವಂಥವೂ ಇವೆ. ದಿನಕ್ಕೆ 500ಕ್ಕಿಂತ ಹೆಚ್ಚು ಜನ ಬಂದು ಹೋಗುವ ಜಾಗಗಳು ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಇಟ್ಟುಕೊಳ್ಳಬೇಕೆಂದು ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಹೇಳುತ್ತದೆ. ಮುಖ ಗುರುತಿಸುವ ಯಂತ್ರದ ಪಟ್ಟಿಗೆ ಯಾರ ಮುಖವನ್ನು ಯಾರು ಸೇರಿಸಬಹುದು, ಯಾವಾಗ ತೆಗೆಯಬೇಕು, ಯಂತ್ರ ತಪ್ಪಾಗಿ ಬೊಟ್ಟು ಮಾಡಿದರೆ ಹೊಣೆ ಯಾರದ್ದು ಎಂದು ಹೇಳುವ ಕಾಯ್ದೆ ಇಲ್ಲ.

ಪೊಲೀಸರ ಪಟ್ಟಿಗಳು ಹೇಗಿರುತ್ತವೆ ಎಂಬುದಕ್ಕೆ ರೌಡಿ ಪಟ್ಟಿಯ ಅನುಭವ ನಮಗಿದೆ. ಒಮ್ಮೆ ಹೆಸರು ಸೇರಿದರೆ ಪ್ರಕರಣ ಖುಲಾಸೆಯಾದರೂ ಅದರಿಂದ ಹೊರಬರಲು ಠಾಣೆ, ಕೋರ್ಟು ಅಲೆಯಬೇಕು. ಉತ್ತರ ಪ್ರದೇಶದ ಖರಕ್ ಸಿಂಗ್ ಕಥೆಯೂ ಇದೇ. ಡಕಾಯಿತಿ ಆರೋಪಕ್ಕೆ ಸಾಕ್ಷ್ಯವಿಲ್ಲವೆಂದು ಬಿಟ್ಟ ಮೇಲೂ ಪೊಲೀಸರು ನಡುರಾತ್ರಿ ಅವರ ಮನೆಯ ಬಾಗಿಲು ತಟ್ಟುತ್ತಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ರಾತ್ರಿಯ ಭೇಟಿಯನ್ನು ನಿಲ್ಲಿಸಿತೇ ಹೊರತು ಖಾಸಗಿತನದ ಹಕ್ಕು ಸಂವಿಧಾನದಲ್ಲಿ ಇದೆಯೆಂದು ಒಪ್ಪಲಿಲ್ಲ. ಆ ಮಾತನ್ನು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣದ ಅರ್ಜಿದಾರರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಕೋರ್ಟಿಗೆ ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಖಾಸಗಿತನಕ್ಕೆ ಕೈ ಹಾಕಬೇಕಾದರೆ ಕಾಯ್ದೆಯ ಆಧಾರವಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಚಾಚಬೇಕು ಎಂದು ಆ ತೀರ್ಪು ಹೇಳಿದೆ. ಮುಖ ಗುರುತಿಸುವ ಕ್ಯಾಮೆರಾ ಮೊದಲನೆಯದರಲ್ಲೇ ಸೋಲುತ್ತದೆ.

ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಒಂದೇ ಜಾಗ ಎಂದು ಸರ್ಕಾರ ಗೊತ್ತುಮಾಡಿದೆ. ತುರ್ತು ಪರಿಸ್ಥಿತಿಯಲ್ಲಿ ವಿರೋಧ ಪಕ್ಷದ ನಾಯಕರನ್ನು ಕೂಡಿಹಾಕಿದ್ದ ಸೆಂಟ್ರಲ್ ಜೈಲು ಇದ್ದ ಜಾಗ ಅದು. ಗೌರವಧನ ಹೆಚ್ಚಿಸಿ ಎಂದು ಆಶಾ ಕಾರ್ಯಕರ್ತೆಯರು ಅಲ್ಲಿಗೇ ಬಂದು ಕೂರಬೇಕು. ಅಲ್ಲಿ ಕೂತವರ ಮುಖ ಯಾವ ಪಟ್ಟಿಗೂ ಸೇರುವುದಿಲ್ಲ ಎಂದು ತಾವು ಲಿಖಿತವಾಗಿ ಭರವಸೆ ಕೊಡಬಲ್ಲಿರಾ?

ತುರ್ತಿನಲ್ಲಿ ಪಡೆದದ್ದನ್ನು ಸರ್ಕಾರಗಳು ಹಿಂದಿರುಗಿಸುವುದು ಕಡಿಮೆ. ಕೊರೊನಾ ಕಾಲದಲ್ಲಿ, 2020ರಲ್ಲಿ, ಅಂದಿನ ರಾಜ್ಯ ಸರ್ಕಾರ ಮನೆಯಲ್ಲಿ ಕ್ವಾರಂಟೈನ್ ಆದವರು ರಾತ್ರಿ ಬಿಟ್ಟು ಉಳಿದ ಹೊತ್ತಿನಲ್ಲಿ ಗಂಟೆಗೊಂದು ಸೆಲ್ಫಿ ಕಳಿಸಬೇಕೆಂದಿತ್ತು. ಅವರ ವಿಳಾಸಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿಯೂ ಇತ್ತು. ಆ ಫೋಟೋಗಳನ್ನು ಅಳಿಸಲಾಗಿದೆಯೇ, ಯಾವ ದಿನ? ಕಳಿಸಿದವರಿಗೆ ಉತ್ತರ ಪಡೆಯುವ ಹಕ್ಕಿದೆ.

ದೂರಸಂಪರ್ಕ ಕೇಂದ್ರದ ವಿಷಯ, ನಾವೇನು ಮಾಡಲಾದೀತು ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಆದರೆ ಪೊಲೀಸ್ ರಾಜ್ಯದ ವಿಷಯ. ಕ್ಯಾಮೆರಾ, ಮುಖ ಗುರುತಿಸುವಿಕೆ, ಸಿಡಿಆರ್ ಕೋರಿಕೆಯ ಶಿಸ್ತು, ಇವಕ್ಕೆ ರಾಜ್ಯವೇ ಮಸೂದೆ ತರಬಹುದು, ಸುತ್ತೋಲೆ ಹೊರಡಿಸಬಹುದು. ಯಾವ ಠಾಣೆಯಿಂದ ಯಾವ ಪ್ರಕರಣಕ್ಕೆ ಎಷ್ಟು ಸಿಡಿಆರ್ ತೆಗೆಸಲಾಯಿತು ಎಂಬ ದಾಖಲೆಯನ್ನು ಜಿಲ್ಲಾ ನ್ಯಾಯಾಧೀಶರ ಮುಂದಿಡುವ ಪದ್ಧತಿ ತಂದರೆ, ಆ ಊರು ಬಿಟ್ಟ ಹುಡುಗಿಯ ಲೊಕೇಷನ್ ಕೇಳುವ ಕೈ ಒಂದು ಕ್ಷಣ ಹಿಂಜರಿಯುತ್ತದೆ. ಕೇಂದ್ರದ ಕಾಯ್ದೆಗೆ ನ್ಯಾಯಾಧೀಶರ ಒಪ್ಪಿಗೆ ಸೇರಿಸಿ ಎಂದು ವಿಧಾನಮಂಡಲ ನಿರ್ಣಯ ಕಳಿಸಬಹುದು. ಬ್ರಿಟನ್‌ನಲ್ಲಿ 2016ರ ಕಾಯ್ದೆಯ ಪ್ರಕಾರ ಮಂತ್ರಿ ಸಹಿ ಹಾಕಿದರೂ ನ್ಯಾಯಾಂಗದ ಆಯುಕ್ತರು ಒಪ್ಪಬೇಕು. ಅಮೆರಿಕದಲ್ಲಿ ಅಪರಾಧ ತನಿಖೆಯ ಕದ್ದಾಲಿಕೆ ಮುಗಿದ ಮೇಲೆ ಸಾಮಾನ್ಯವಾಗಿ 90 ದಿನದೊಳಗೆ ಆ ವ್ಯಕ್ತಿಗೆ ತಿಳಿಸಬೇಕು. ಹಾಗೆ ತಿಳಿಸುವ ಏರ್ಪಾಡಿಲ್ಲದ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಎಂದು ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 2021ರಲ್ಲಿ ಹೇಳಿತು. ಅಲ್ಲೆಲ್ಲ ಪೊಲೀಸರು ಕೈಕಟ್ಟಿ ಕೂತಿಲ್ಲ.

ಇವೆಲ್ಲಕ್ಕೆ ಸಮಯ ಬೇಕು ಎನ್ನುವುದಾದರೆ, ಕೂಡಲೇ ಆಗುವ ಒಂದು ಕೆಲಸ ಕೇಳುತ್ತೇನೆ. ಕಳೆದ ಐದು ವರ್ಷಗಳಲ್ಲಿ ಒಳಾಡಳಿತ ಇಲಾಖೆಗೆ ಎಷ್ಟು ಕದ್ದಾಲಿಕೆ ಕೋರಿಕೆಗಳು ಬಂದವು, ಎಷ್ಟಕ್ಕೆ ಸಹಿಯಾಯಿತು, ಪರಿಶೀಲನಾ ಸಮಿತಿ ಎಷ್ಟು ಸಲ ಸೇರಿತು, ಎಷ್ಟು ಆದೇಶಗಳನ್ನು ತಪ್ಪೆಂದು ರದ್ದುಮಾಡಿತು ಎಂಬ ಅಂಕಿಗಳನ್ನು ಮುಂದಿನ ಅಧಿವೇಶನದಲ್ಲಿ ಸದನದ ಮುಂದೆ ಇಡಿ. ಹೆಸರು ಬೇಡ, ನಂಬರು ಬೇಡ, ಪ್ರಕರಣದ ವಿವರ ಬೇಡ. ಆದೇಶಗಳ ಸಂಖ್ಯೆ ಹೇಳಿದರೆ ತನಿಖೆ ಕೆಡುವುದಿಲ್ಲ, ಕೇಂದ್ರ ಗೃಹ ಸಚಿವಾಲಯವೇ ಒಮ್ಮೆ ಹೇಳಿದೆ. ರದ್ದಾದ ಆದೇಶಗಳ ಸಂಖ್ಯೆ ಸೊನ್ನೆಯಾಗಿದ್ದರೆ ಸೊನ್ನೆ ಎಂದೇ ಬರೆದು ಕೊಡಿ. ಸಮಿತಿ ಮಾಡಿದ್ದೇನು ಎಂದು ಕೇಳುವ ಕೆಲಸವನ್ನು ಆಗ ಶಾಸಕರು ನೋಡಿಕೊಳ್ಳಲಿ.

ಗೌರವಪೂರ್ವಕವಾಗಿ,
ತಮ್ಮ ಜಿಲ್ಲೆಯವನೇ ಆದ ಒಬ್ಬ ಮತದಾರ