ಬೀರುವಿನಲ್ಲಿ ಕುಳಿತ ಕಣ್ಣು

ಅಂಚೆಚೀಟಿ ಕೂಡಿಸುವವರನ್ನೂ ಹಳೆಯ ನಾಣ್ಯ ಆಯುವವರನ್ನೂ ಮನೆಯವರು ಹೇಗೋ ಸಹಿಸಿಕೊಳ್ಳುತ್ತಾರೆ. ಹಳೆಯ ಕ್ಯಾಮೆರಾಗಳ ಮೋಹಕ್ಕೆ ಸಿಕ್ಕಿದವನ ಸಂಸಾರದ ಪಾಡೇ ಬೇರೆ. ‘ಒಂದಿರುವಾಗ ಇನ್ನೊಂದೇಕೆ?’ ಎಂಬ ಪ್ರಶ್ನೆ ಪ್ರತಿ ತಿಂಗಳ ಮೊದಲ ವಾರದಲ್ಲಿ ತಪ್ಪದೆ ಏಳುತ್ತದೆ. ಅದಕ್ಕೆ ಮನೆಯೊಡತಿ ಒಪ್ಪುವಂಥ ಉತ್ತರ ಕೊಟ್ಟ ಹವ್ಯಾಸಿ ಇನ್ನೂ ಹುಟ್ಟಬೇಕಾಗಿದೆ.

ಉತ್ತರವೇ ಇಲ್ಲವೆಂದಲ್ಲ. ಜರ್ಮನಿಯ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಉಬ್ಬಸದ ರೋಗಿ. ಗಾಜಿನ ಫಲಕಗಳ ಭಾರ ಹೊರಲಾರದೆ, ಸಿನಿಮಾ ಫಿಲ್ಮನ್ನು ಬಳಸುವ ಕಿರುಯಂತ್ರವೊಂದನ್ನು ಆತ ರೂಪಿಸಿದ. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಬೆಳಕು ಕಂಡ ಆ ಯಂತ್ರವೇ ಲೈಕಾ. 1929ರಲ್ಲಿ ಬಂದ ರೋಲಿಫ್ಲೆಕ್ಸ್‌ಗೆ ಎರಡು ಕಣ್ಣು: ಮೇಲಿನದು ನೋಡಲು, ಕೆಳಗಿನದು ಚಿತ್ರ ಹಿಡಿಯಲು. ಅದನ್ನು ಎದೆಯ ಮಟ್ಟದಲ್ಲಿ ಹಿಡಿದು ತಲೆ ಬಾಗಿಸಿ ನೋಡಬೇಕು. ಎದುರಿಗಿದ್ದವರಿಗೆ ನಮಸ್ಕರಿಸಿದಂತೆಯೇ ಸರಿ. ಇಂಥ ಯಂತ್ರ ಕೈಗೆ ಬಂದವನಿಗೆ ಬಿಡಲು ಮನಸ್ಸು ಬಾರದಿದ್ದರೆ ಆಶ್ಚರ್ಯವೇನು?

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ವಾಸಿಸುವ ಹವ್ಯಾಸಿಗೆ ಒಂದು ಭಾಗ್ಯ, ಒಂದು ಕಷ್ಟ. ಕರಾವಳಿ, ಮಲೆನಾಡುಗಳ ತೇವದಲ್ಲಿ ಮಸೂರದೊಳಗೆ ಬೂಷ್ಟು ಹಿಡಿಯುತ್ತದೆ. ಇಲ್ಲಿಯ ಒಣಹವೆಯಲ್ಲಿ ಆ ಭಯ ಕಡಿಮೆ. ಆದರೆ ಧೂಳಿಗೆ ಬರವಿಲ್ಲ. ಧೋತರದ ಚುಂಗಿನಿಂದ ಒರೆಸಿದರೆ ಗಾಜಿಗೆ ಗೀರು ಬಿದ್ದೀತು. ಮೊದಲು ಗಾಳಿಯೂದಿ, ಮೃದುವಾದ ಕುಂಚ ಆಡಿಸುವುದು ಲೇಸು.

ಧೂಳಿಗಿಂತ ದೊಡ್ಡ ಶತ್ರು ಬೀರು. ಬಳಸದೆ ಮುಚ್ಚಿಟ್ಟ ಕ್ಯಾಮೆರಾದೊಳಗಿನ ಎಣ್ಣೆ ಗಟ್ಟಿಯಾಗುತ್ತದೆ. ಒಂದು ಸೆಕೆಂಡಿಗೆ ಮುಚ್ಚಬೇಕಾದ ಷಟರ್ ಬಾಯಿ ತೆರೆದೇ ನಿಲ್ಲುತ್ತದೆ. ಕ್ಯಾಮೆರಾಕ್ಕೆ ದುಡಿಮೆಯೇ ಔಷಧ. ಅತಿಯಾದ ಅಕ್ಕರೆಯಿಂದ ಬೀಗ ಹಾಕಿದವನೇ ಅದನ್ನು ಕೆಡಿಸಿದವನಾಗುತ್ತಾನೆ.

ಇದೇ ಊರು ಇನ್ನೊಂದು ಪಾಠವನ್ನೂ ಹೇಳುತ್ತದೆ. 1855ರಲ್ಲಿ ಮುಂಬಯಿ ಸರ್ಕಾರ ನೇಮಿಸಿದ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ಇಲ್ಲಿಯ ಆದಿಲಶಾಹಿ ಕಟ್ಟಡಗಳ ಛಾಯಾಚಿತ್ರ ತೆಗೆದ. ಅವು 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕರೂಪದಲ್ಲಿ ಹೊರಬಂದವು. ಬಿಗ್ಸನ ಕ್ಯಾಮೆರಾ ಏನಾಯಿತೆಂದು ಇಂದು ಯಾರು ಕೇಳುತ್ತಾರೆ? ಉಳಿದದ್ದು ಚಿತ್ರ.

ಈಗ ಫಿಲ್ಮು ದುಬಾರಿ, ದುರ್ಲಭ. ‘ಇಂದು’ ಫಿಲ್ಮು ತಯಾರಿಸುತ್ತಿದ್ದ ಊಟಿಯ ಕಾರ್ಖಾನೆಯೂ ಮುಚ್ಚಿಹೋಗಿದೆ. ರೋಲಿಫ್ಲೆಕ್ಸ್‌ನ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಸುರುಳಿ ಮುಗಿದೀತೆಂದು ಹೆದರಿ ಯಂತ್ರವನ್ನು ಕಾಯುತ್ತ ಕೂಡುವ ಹವ್ಯಾಸಿ, ಹನ್ನೆರಡರಲ್ಲಿ ಎರಡನ್ನಾದರೂ ಮನೆಯ ಅಜ್ಜಿಗೆ ಮೀಸಲಿಡಲಿ. ಗೋಳಗುಮ್ಮಟ ಹದಿನೇಳನೆಯ ಶತಮಾನದಿಂದ ನಿಂತಿದೆ, ನಾಳೆಯೂ ನಿಂತಿರುತ್ತದೆ. ಅಜ್ಜಿಯ ವಿಷಯದಲ್ಲಿ ಆ ಮಾತು ಹೇಳಲಾಗದು.